ಅಮೆರಿಕದ ಇಂಜಿನಿಯರಿಂಗ್ ವಿದ್ಯಾಲಯಗಳಲ್ಲಿ ನಮ್ಮವರಿಗೆ ಸ್ಥಳ ದೊರೆಯುವ ಸಂಭವವೆಷ್ಟು?

ಪ್ರತಿವರ್ಷವೂ ಮಳೆಗಾಲ ಮುಗಿಯುತ್ತ ಬಂದಿತೆಂದರೆ ನಮ್ಮ ಕಾಲೇಜುಗಳ ಮೇಲಿನ ತರಗತಿಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: ಅಮೆರಿಕದಲ್ಲಿ ಇಂಜಿನಿಯರಿಂಗ್ ಓದಲು ಸ್ಥಳ ದೊರೆಯುವ ಸಂಭವ ಎಷ್ಟು? ಕೇಳುವವರು ಶೇಕಡ ಇಷ್ಟು ಎಂಬ ಒಂದೇ ಅಂಕಿಯನ್ನು ನಿರೀಕ್ಷಿಸುತ್ತಾರೆ. ಅಂತಹ ಅಂಕಿಗಳು ಬೇಕಾದಷ್ಟು ಸಿಗುವುದೂ ಉಂಟು. ಆದರೆ ಆ ಅಂಕಿ ಯಾರನ್ನು ಕುರಿತದ್ದು ಎಂದು ವಿಚಾರಿಸದೆ ಅದನ್ನೇ ನೆಚ್ಚಿ ಹೊಲಮನೆಗಳನ್ನು ಒತ್ತೆಯಿಟ್ಟು ಸಾಲಮಾಡಿದ ಕುಟುಂಬಗಳನ್ನು ನಾವು ಕಂಡಿದ್ದೇವೆ. ಆದುದರಿಂದ ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡಿ ನೋಡುವುದು ಉಚಿತ.

ಪ್ರಸಿದ್ಧವಾದ ಒಂದು ಉದಾಹರಣೆಯಿಂದ ತೊಡಗೋಣ. ಎಂ.ಐ.ಟಿ. ಎಂದು ಹೆಸರಾದ ಮೆಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯವು 2022ರಲ್ಲಿ ತನ್ನ ಪದವಿ ತರಗತಿಗೆ ಬಂದ 33,000ಕ್ಕೂ ಹೆಚ್ಚಿನ ಅರ್ಜಿದಾರರಲ್ಲಿ ಸುಮಾರು 1,340 ಮಂದಿಯನ್ನು ಮಾತ್ರ ಆರಿಸಿಕೊಂಡಿತು. ಎಂದರೆ ನೂರಕ್ಕೆ ನಾಲ್ವರನ್ನು. ಈ ನಾಲ್ಕು ನಮಗೆ ಅನ್ವಯಿಸುವುದೇ? ಇಲ್ಲ. ಪರದೇಶದವರ ಸಂಖ್ಯೆಗೆ ಅಲ್ಲಿ ಒಂದು ಮಿತಿಯುಂಟು. ತರಗತಿಯ ಹತ್ತರಲ್ಲೊಂದು ಪಾಲಿನಷ್ಟು ಸ್ಥಳಗಳಿಗಾಗಿ ಜಗತ್ತಿನ ಉಳಿದ ದೇಶಗಳವರೆಲ್ಲ ಸ್ಪರ್ಧಿಸಬೇಕು. ಅವರನ್ನಷ್ಟೇ ಬೇರೆಯಾಗಿ ಎಣಿಸಿದರೆ ಸಂಭವವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯುತ್ತದೆ.

ಕರ್ನಾಟಕದ ಸರಾಸರಿ ಮಳೆ ಇಷ್ಟೆಂದು ತಿಳಿದು ಆಗುಂಬೆಯವನು ಕೊಡೆಯನ್ನು ಮನೆಯಲ್ಲಿ ಬಿಟ್ಟು ಹೊರಟರೂ ತಪ್ಪು, ಚಳ್ಳಕೆರೆಯವನು ಬತ್ತದ ಗದ್ದೆ ಮಾಡಹೊರಟರೂ ತಪ್ಪು. ಒಂದು ಗುಂಪಿಗೆ ಸೇರಿದವನೆಂದು ಮೊದಲೇ ತಿಳಿದಿದ್ದರೆ ಆ ಗುಂಪಿನೊಳಗಿನ ಲೆಕ್ಕವನ್ನೇ ಹಿಡಿಯಬೇಕು. ಗಣಿತಜ್ಞರು ಇದನ್ನು ಷರತ್ತುಬದ್ಧ ಸಂಭವನೀಯತೆ ಎಂದು ಕರೆಯುತ್ತಾರೆ. ನಮ್ಮ ವಿಷಯದಲ್ಲಿ ಷರತ್ತು ಒಂದಲ್ಲ, ಹಲವು. ಅವುಗಳಲ್ಲಿ ಬಲವಾದುದು ಹಣ.

ಅರ್ಜಿದಾರನ ಹಣದ ಸ್ಥಿತಿಯನ್ನು ನೋಡದೆ ಆರಿಸಿ, ಆರಿಸಿದ ಮೇಲೆ ಕೊರತೆಯನ್ನು ತಾನೇ ತುಂಬಿಕೊಡುವ ಪದ್ಧತಿಯನ್ನು ಎಂ.ಐ.ಟಿ. ಪರದೇಶದವರಿಗೂ ಅನುಸರಿಸುತ್ತದೆ. ಹೀಗೆ ಮಾಡುವ ವಿದ್ಯಾಲಯಗಳು ಬೆರಳೆಣಿಕೆಯಷ್ಟೇ. ಸ್ಟ್ಯಾನ್‌ಫರ್ಡಿನಂತಹ ಸಿರಿವಂತ ವಿಶ್ವವಿದ್ಯಾನಿಲಯವೂ ಪರದೇಶದವರು ಸಹಾಯ ಬೇಡಿದರೆ ಅದನ್ನು ಆಯ್ಕೆಯ ಕಾಲದಲ್ಲಿ ಗಣನೆಗೆ ತೆಗೆದುಕೊಳ್ಳುತ್ತದೆ. ಒಂದೇ ಅಂಕಪಟ್ಟಿಯನ್ನುಳ್ಳ ಇಬ್ಬರಲ್ಲಿ ಖರ್ಚನ್ನು ತಾನೇ ಹೊರಬಲ್ಲವನ ಸಂಭವ ಒಂದು, ಸಹಾಯ ಬೇಡುವವನದು ಮತ್ತೊಂದು.

ಸಂಸ್ಥಾನಗಳ ಸರಕಾರಿ ವಿಶ್ವವಿದ್ಯಾನಿಲಯಗಳ ರೀತಿ ಬೇರೆ. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿಮಾಡಿದ ಮಾರಿಲ್ ಶಾಸನದಂತೆ ಒಂದೊಂದು ಸಂಸ್ಥಾನಕ್ಕೂ ಭೂಮಿ ದೊರೆತು, ಅದರ ಉತ್ಪತ್ತಿಯಿಂದ ವ್ಯವಸಾಯವನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳು ಹುಟ್ಟಿದುವು. ಇಲಿನಾಯ್ ಮತ್ತು ಪರ್ಡ್ಯೂ ವಿಶ್ವವಿದ್ಯಾನಿಲಯಗಳು ಇಂತಹವೇ. ತೆರಿಗೆ ಕೊಡುವವರ ಮಕ್ಕಳಿಗೆ ಅಲ್ಲಿ ಮೊದಲ ಮಣೆ ಸಲ್ಲುವುದು ಸಹಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 2017ರಲ್ಲಿ ತನ್ನ ಬಹುಪಾಲು ಶಾಖೆಗಳ ಪದವಿ ತರಗತಿಗಳಲ್ಲಿ ಹೊರಗಿನವರ ಪಾಲು ಶೇಕಡ 18ನ್ನು ಮೀರಕೂಡದೆಂದು ನಿಯಮಿಸಿತು. ಹೊರಗಿನವರೆಂದರೆ ಬೇರೆ ಸಂಸ್ಥಾನಗಳವರೂ ಸೇರಿ. ಆದರೂ 2008ರ ಆರ್ಥಿಕ ಕುಸಿತದ ತರುವಾಯ ಸಂಸ್ಥಾನಗಳ ಅನುದಾನ ಕುಗ್ಗಿದಾಗ, ಪೂರ್ಣ ಶುಲ್ಕ ಕೊಡುವ ಪರದೇಶದವರನ್ನು ಇಂತಹ ಅನೇಕ ವಿದ್ಯಾಲಯಗಳು ಆದರದಿಂದಲೇ ಬರಮಾಡಿಕೊಂಡುವು. ಆದರದ ಬೆಲೆಯನ್ನು ಡಾಲರಿನಲ್ಲಿ ತೆರಬೇಕೆಂಬುದೊಂದೇ ತೊಡಕು!

ನಮ್ಮವರಲ್ಲಿ ಬಹುಮಂದಿ ಹೋಗುವುದು ಪದವಿ ಮುಗಿದ ಮೇಲೆ. ಅಮೆರಿಕದ ವಾರ್ಷಿಕ ಗಣತಿಯಂತೆ 2023–24ರಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಎಲ್ಲ ವಿಷಯಗಳನ್ನೂ ಕೂಡಿಸಿದರೆ ಅವರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು 1,96,567. ಪದವಿ ತರಗತಿಯವರು ಸುಮಾರು 36,000 ಮಾತ್ರ. ಉಳಿದವರಲ್ಲಿ ಬಹುಪಾಲು ಓದು ಮುಗಿಸಿ ಪ್ರಾಯೋಗಿಕ ತರಬೇತಿಯಲ್ಲಿದ್ದವರು.

ಸ್ನಾತಕೋತ್ತರ ವಿದ್ಯೆಯಲ್ಲಿ ಎರಡು ದಾರಿಗಳಿವೆ. ಎಂ.ಎಸ್. ತರಗತಿಗೆ ವಿದ್ಯಾರ್ಥಿಯೇ ಶುಲ್ಕ ತೆರುವುದರಿಂದ ಸ್ಥಳಗಳು ಹೆಚ್ಚು, ಪ್ರವೇಶ ಸುಲಭ. ಪಿಎಚ್.ಡಿ.ಯಲ್ಲಿ ವಿದ್ಯಾರ್ಥಿಯ ಶುಲ್ಕ, ಜೀವನವೆಚ್ಚಗಳನ್ನು ಬಹುಮಟ್ಟಿಗೆ ಪ್ರಾಧ್ಯಾಪಕರ ಸಂಶೋಧನಾ ಅನುದಾನವೋ ವಿಭಾಗವೋ ಹೊರುತ್ತದೆ. ಆದ್ದರಿಂದ ಸ್ಥಳಗಳು ಕಡಿಮೆ, ಶೋಧನೆ ಕಠಿನ. ಪ್ರವೇಶ ಎಲ್ಲಿ ಸುಲಭವೋ ಅಲ್ಲಿ ಹಣ ದುರ್ಲಭ. ಹಣ ಎಲ್ಲಿ ದೊರೆಯುವುದೋ ಅಲ್ಲಿ ಪ್ರವೇಶ ದುರ್ಲಭ. ಸ್ಥಳ ದೊರೆಯಿತು ಎಂಬ ಒಂದೇ ಮಾತು ಈ ಎರಡಕ್ಕೂ ಬಳಕೆಯಾಗುವುದರಿಂದ ತಂದೆತಾಯಿಗಳು ಮೋಸಹೋಗುತ್ತಾರೆ.

ಪಿಎಚ್.ಡಿ. ಆಯ್ಕೆಯಲ್ಲಿ ಅಂಕಗಳಿಗಿಂತ ಭಾರವಾದದ್ದು ಗುರುಗಳ ಶಿಫಾರಸು ಪತ್ರ. ಅದರಲ್ಲಿಯೂ ಓದುವವರಿಗೆ ಬರೆದವರ ಮಾತಿನ ತೂಕ ತಿಳಿದಿದ್ದರೆ. ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿಯೇ ಇಂಜಿನಿಯರಿಂಗ್ ಕಲಿತ ರೊದ್ದಂ ನರಸಿಂಹ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾಗಿದ್ದರು. ಧವನ್ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಬಳಿ ಸಂಶೋಧನೆ ನಡೆಸಿದವರು. ನರಸಿಂಹ ಅವರೂ ಅದೇ ಲೀಪ್‌ಮನ್ ಅವರ ಬಳಿಗೆ ಹೋಗಿ 1961ರಲ್ಲಿ ಪಿಎಚ್.ಡಿ. ಪಡೆದರು. ನಮ್ಮ ಸಣ್ಣ ಊರುಗಳ ಕಾಲೇಜುಗಳಲ್ಲಿ ಇಂತಹ ಗುರುಪರಂಪರೆ ದೊರೆಯುವುದು ಅಪೂರ್ವ. ಅಲ್ಲಿನ ಜಾಣ ವಿದ್ಯಾರ್ಥಿಯೊಬ್ಬನು ಬೇಸಗೆಯ ರಜೆಯಲ್ಲಿ ಯಾವುದಾದರೂ ಸಂಶೋಧನಾಲಯದಲ್ಲಿ ಎರಡು ತಿಂಗಳು ದುಡಿದು, ತನ್ನ ಕೆಲಸವನ್ನು ಕಣ್ಣಾರೆ ಕಂಡವರಿಂದ ಪತ್ರ ಪಡೆಯುವುದು ಇನ್ನೊಂದು ಪರೀಕ್ಷೆಗೆ ಕೂರುವುದಕ್ಕಿಂತ ಫಲಕಾರಿಯೆಂದು ನಮ್ಮ ಅಭಿಪ್ರಾಯ.

ಇನ್ನು ಎಲ್ಲರೂ ಮಾಡುವ ಒಂದು ಲೆಕ್ಕ. ಒಂದು ವಿದ್ಯಾಲಯದಲ್ಲಿ ಹತ್ತರಲ್ಲಿ ಒಬ್ಬನಿಗೆ ಸ್ಥಳ ಸಿಗುವುದಾದರೆ, ಅಂತಹ ಹತ್ತು ಕಡೆ ಅರ್ಜಿ ಹಾಕಿದರೆ ಒಂದಾದರೂ ಫಲಿಸಲೇಬೇಕಲ್ಲವೆ? ಹತ್ತೂ ಕಡೆ ಸೋಲುವ ಸಂಭವ 0.9ರ ಹತ್ತನೆಯ ಘಾತ, ಎಂದರೆ ಸುಮಾರು 0.35. ಆದುದರಿಂದ ಒಂದೆಡೆಯಾದರೂ ಗೆಲ್ಲುವ ಸಂಭವ ನೂರಕ್ಕೆ 65 ಎಂದು ಹೇಳುತ್ತಾರೆ. ಪಗಡೆಯ ದಾಳಗಳಿಗೆ ಈ ಲೆಕ್ಕ ಸರಿ. ಒಂದು ದಾಳ ಬಿದ್ದ ಬಗೆಯನ್ನು ಇನ್ನೊಂದು ಅರಿಯದು. ಆದರೆ ಹತ್ತು ಅರ್ಜಿಗಳೊಳಗೂ ಇರುವುದು ಅದೇ ಅಂಕಪಟ್ಟಿ, ಅದೇ ಪತ್ರಗಳು.

ನೂರು ಅರ್ಜಿದಾರರಲ್ಲಿ ಇಪ್ಪತ್ತು ಮಂದಿ ಗಟ್ಟಿಗರು, ಒಬ್ಬೊಬ್ಬರ ಸಂಭವ ನೂರಕ್ಕೆ 45. ಉಳಿದ ಎಂಬತ್ತು ಮಂದಿಯದು ನೂರಕ್ಕೆ ಒಂದೂಕಾಲು ಎಂದು ಕಲ್ಪಿಸಿಕೊಳ್ಳೋಣ. ಮೊದಲಿನವರಲ್ಲಿ ಒಂಬತ್ತು, ಎರಡನೆಯವರಲ್ಲಿ ಒಂದು, ಒಟ್ಟು ಹತ್ತು ಸ್ಥಳ. ಸರಾಸರಿ ಹತ್ತರಲ್ಲಿ ಒಂದೇ. ಈಗ ಪ್ರತಿಯೊಬ್ಬರೂ ಹತ್ತು ಕಡೆ ಅರ್ಜಿ ಹಾಕಲಿ. ಗಟ್ಟಿಗನು ಎಲ್ಲಿಯಾದರೂ ಗೆಲ್ಲುವುದು ಬಹುತೇಕ ನಿಶ್ಚಿತ. ಎರಡನೆಯ ಗುಂಪಿನವನು ಗೆಲ್ಲುವ ಸಂಭವ ನೂರಕ್ಕೆ ಸುಮಾರು 12 ಮಾತ್ರ. ಅರವತ್ತೈದಲ್ಲ! ಒಂದೇ ದೋಷವುಳ್ಳ ಹತ್ತು ಉಷ್ಣಮಾಪಕಗಳಿಂದ ಕುದಿಬಿಂದುವನ್ನು ಹತ್ತು ಸಲ ಅಳೆದು ಸರಾಸರಿ ತೆಗೆದರೆ ದೋಷ ಹೋಗದು; ಪ್ರಯೋಗಶಾಲೆಯಲ್ಲಿ ಇದನ್ನು ಬಲ್ಲ ವಿದ್ಯಾರ್ಥಿ ಅರ್ಜಿ ಬರೆಯುವಾಗ ಮರೆಯುತ್ತಾನೆ. ಒಂದೊಂದು ಅರ್ಜಿಗೂ ನೂರು ಡಾಲರಿನ ಆಸುಪಾಸು ಶುಲ್ಕವಾಗುವುದರಿಂದ ಈ ಮರೆವು ಅಗ್ಗದ್ದಲ್ಲ. ಬಗೆಬಗೆಯ ಮಟ್ಟದ ಐದಾರು ವಿದ್ಯಾಲಯಗಳನ್ನು ಆರಿಸಿ, ಪ್ರತಿಯೊಂದಕ್ಕೂ ಅಲ್ಲಿನ ಕೆಲಸವನ್ನು ಓದಿಕೊಂಡು ಬರೆಯುವುದೇ ಮೇಲು.

ಕರೆ ಬಂದ ಮೇಲೂ ಲೆಕ್ಕ ಮುಗಿಯದು. ಸ್ನಾತಕೋತ್ತರ ವಿದ್ಯಾರ್ಥಿಗೆ ಹಣಸಹಾಯದೊಡನೆ ಕರೆ ಬಂದರೆ, ಏಪ್ರಿಲ್ 15ರವರೆಗೆ ಯೋಚಿಸಲು ಅವಕಾಶ ಕೊಡಬೇಕೆಂಬ ಒಪ್ಪಂದಕ್ಕೆ ಅಲ್ಲಿಯ ಬಹುತೇಕ ದೊಡ್ಡ ವಿಶ್ವವಿದ್ಯಾನಿಲಯಗಳು ಸೇರಿವೆ. ಯಾರಾದರೂ ಅವಸರಪಡಿಸಿದರೆ ಇದನ್ನು ನೆನಪಿಸಬಹುದು. ಬಳಿಕ ಮೊದಲ ವರ್ಷದ ವೆಚ್ಚಕ್ಕೆ ಹಣವುಂಟೆಂದು ತೋರಿಸಿದಲ್ಲಿ ವಿದ್ಯಾಲಯವು ಐ-20 ಎಂಬ ಪತ್ರವನ್ನು ಕೊಡುತ್ತದೆ. ಅನಂತರ ವೀಸಾ. 1952ರ ವಲಸೆ ಶಾಸನದ 214(ಬಿ) ವಿಧಿಯಂತೆ, ಅರ್ಜಿದಾರನು ಅಲ್ಲಿಯೇ ನೆಲಸಲು ಬರುವವನೆಂದು ಮೊದಲು ಭಾವಿಸಲಾಗುತ್ತದೆ. ಹಾಗಲ್ಲವೆಂದು ಅಧಿಕಾರಿಗೆ ಮನಗಾಣಿಸುವ ಹೊಣೆ ವಿದ್ಯಾರ್ಥಿಯದೇ. ಪ್ರವೇಶದ ಸಂಭವವನ್ನು ವೀಸಾದ ಸಂಭವದಿಂದ ಗುಣಿಸಿದಾಗಲೇ ನಿಜವಾದ ಅಂಕಿ ಬರುವುದು, ಮತ್ತು ಈ ಎರಡನೆಯ ಅಂಶ ವರ್ಷದಿಂದ ವರ್ಷಕ್ಕೆ ಒಂದೇ ಆಗಿರುವುದಿಲ್ಲ. 2025ರಲ್ಲಿ ಮೇ ತಿಂಗಳ ಕೊನೆಯಿಂದ ಜೂನ್ ನಡುವಿನವರೆಗೆ ವಿದ್ಯಾರ್ಥಿಗಳ ಹೊಸ ಸಂದರ್ಶನಗಳಿಗೆ ದಿನ ಗೊತ್ತುಮಾಡುವುದನ್ನೇ ಅಮೆರಿಕದ ಸರಕಾರ ನಿಲ್ಲಿಸಿತ್ತು. ಆಗಸ್ಟಿನಲ್ಲಿ ತರಗತಿಗಳು ತೊಡಗಬೇಕಾಗಿದ್ದ ವರ್ಷವದು.