ಟೆಂಗ್ವಾರ್‌ನಲ್ಲಿ 'ಹಳ್ಳಿ' ಬರೆಯೋದು ಹೇಗೆ?

'ಲಾರ್ಡ್ ಆಫ್ ದಿ ರಿಂಗ್ಸ್' ನೋಡಿದವರಿಗೆಲ್ಲ ಉಂಗುರದ ಮೇಲೆ ಬೆಂಕಿಯಂತೆ ಹೊಳೆಯುವ ಆ ಬರಹ ನೆನಪಿರುತ್ತೆ. ತುಂಬಾ ಜನ ಅದನ್ನ 'ಎಲ್ವಿಶ್ ಭಾಷೆ' ಅಂತಾರೆ. ಲಿಪಿಯೇನೋ ಎಲ್ಫ್‌ಗಳದ್ದೇ, ಹೆಸರು ಟೆಂಗ್ವಾರ್. ಆದರೆ ಭಾಷೆ ಮೊರ್ಡೋರ್‌ನ ಬ್ಲ್ಯಾಕ್ ಸ್ಪೀಚ್. ನಾವು ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡ ಕುಟ್ಟುತ್ತೀವಲ್ಲ, ಹಾಗೇ.

ಈ ಲಿಪಿ ಮಾಡಿದ ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರೊಫೆಸರ್. 1955ರಲ್ಲಿ ಬಂದ ಮೂರನೇ ಸಂಪುಟದ ಅನುಬಂಧದಲ್ಲಿ ಅದರ ನಿಯಮಗಳನ್ನ ವಿವರಿಸಿದ್ದಾರೆ. ಕಥೆ ಮುಗೀತು ಅಂತ ಪುಸ್ತಕ ಮುಚ್ಚಿದವರಿಗೆ ಅದು ಸಿಗೋದಿಲ್ಲ.

ಮುಖ್ಯ ಅಕ್ಷರಗಳು 24. ಒಂದೊಂದರಲ್ಲೂ ಒಂದು ಕಂಬ, ಅದಕ್ಕೆ ಅಂಟಿಕೊಂಡ ಬಿಲ್ಲು. 'ಪ' ಸಾಲನ್ನೇ ನೋಡಿ. ಕಂಬ ಕೆಳಗಿಳಿದು ಒಂದೇ ಬಿಲ್ಲಿದ್ದರೆ ಪ. ಬಿಲ್ಲು ಎರಡಾದರೆ ಬ. ಕಂಬ ಮೇಲಕ್ಕೇರಿದರೆ 'ಫ್ಯಾನ್' ಅನ್ನುವಾಗಿನ ಫ, ಮೇಲೇರಿ ಬಿಲ್ಲೂ ಎರಡಾದರೆ ವ. ಕಂಬ ಗಿಡ್ಡವಾಗಿ ಬಿಲ್ಲು ಎರಡಿದ್ದರೆ ಮ. 'ತ' ಸಾಲಿನಲ್ಲೂ ಇದೇ ಆಟ, ಗಿಡ್ಡ ಕಂಬದ್ದು ನ. ಡಿಜಿಟಲ್ ಲ್ಯಾಬ್‌ನ ಟ್ರೂತ್ ಟೇಬಲ್ ಥರ: ಕಂಬ ಒಂದು ಬಿಟ್, ಬಿಲ್ಲು ಇನ್ನೊಂದು.

ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಪ ಫ ಬ ಭ ಮ. ಬಾಯಲ್ಲಿ ಎಲ್ಲಿ ಹುಟ್ಟುತ್ತೋ ಅದರ ಪ್ರಕಾರ ಸಾಲು ಮಾಡೋದು ನಮ್ಮ ವರ್ಗಾಕ್ಷರಗಳ ಪದ್ಧತಿ. ನಾವು ಒಂದನೇ ಕ್ಲಾಸಿನಲ್ಲಿ ಮಗ್ಗಿ ಥರ ಒಪ್ಪಿಸಿದ್ದು, ಯಾಕೆ ಆ ಕ್ರಮ ಅಂತ ಕೇಳಿರಲಿಲ್ಲ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಸಂಬಂಧ ಇರೋದು ಕ್ರಮದಲ್ಲಿ, ಟೆಂಗ್ವಾರ್‌ನಲ್ಲಿ ಆಕಾರದಲ್ಲೂ ಇದೆ. ಪ ನೋಡಿ ಬ ಊಹಿಸೋಕೆ ಆಗಲ್ಲ. ಆದರೂ ಹೊಟ್ಟೆ ಸೀಳಿದರೆ ಪ ಹೋಗಿ ಫ, ಬ ಹೋಗಿ ಭ ಆಗುತ್ತಲ್ಲ, ಅಷ್ಟರ ಮಟ್ಟಿಗೆ ನಾವೂ ಆಕಾರದಲ್ಲೇ ಹೇಳ್ತೀವಿ.

ಅಕ್ಷರಗಳ ಹೆಸರೂ ಚೆಂದ. ಕ್ವೆನ್ಯಾ ಅನ್ನೋ ಎಲ್ಫ್ ಭಾಷೆಯಲ್ಲಿ ಒಂದೊಂದೂ ಒಂದು ಪದ: ತಿಂಕೊ ಅಂದರೆ ಲೋಹ, ಪರ್ಮಾ ಪುಸ್ತಕ, ಕಲ್ಮಾ ದೀಪ, ಕ್ವೆಸ್ಸೆ ಗರಿ.

ಈಗ ಕನ್ನಡ ಬರೆಯೋಣ. ಸ್ವರಗಳು ನಮ್ಮ ಗುಣಿತದ ಹಾಗೆ ವ್ಯಂಜನಕ್ಕೆ ಅಂಟೋ ಚಿಹ್ನೆಗಳು: ಮೇಲೆ ಮೂರು ಚುಕ್ಕಿ ಇದ್ದರೆ ಅ, ಒಂದೇ ಚುಕ್ಕಿಗೆ ಇ. ಕ್ವೆನ್ಯಾದಲ್ಲಿ 'ಅ' ಎಷ್ಟು ಸಾಮಾನ್ಯ ಅಂದರೆ ಕೆಲವೊಮ್ಮೆ ಅದನ್ನ ಬರೆಯೋದೇ ಇಲ್ಲ. ನಮ್ಮ 'ಕ'ದೊಳಗೆ 'ಅ' ಅಡಗಿರುವಂತೆ! ಅಕ್ಷರದ ಮೇಲೊಂದು ಗೆರೆ ಎಳೆದರೆ ಮೊದಲು ಅದೇ ಸಾಲಿನ ಅನುನಾಸಿಕ ಬಂತು ಅಂತ ಅರ್ಥ, ಅಂದರೆ ನಮ್ಮ ಸೊನ್ನೆ. ಕೆಳಗೆ ಎಳೆದರೆ ಒತ್ತು. ಮಹಾಪ್ರಾಣಕ್ಕೂ ಜಾಗ ಇದೆ: ಕಂಬವನ್ನ ಮೇಲೂ ಕೆಳಗೂ ಚಾಚಿದರೆ ಆಯ್ತು.

ಸಿಕ್ಕಿಕೊಳ್ಳೋದು 'ಟ' ವರ್ಗದಲ್ಲಿ. ಟೆಂಗ್ವಾರ್‌ಗೆ ನಾಲ್ಕೇ ಸಾಲು, ನಮಗೆ ಐದು. ತ, ಪ, ಚ, ಕ ಕೂತ ಮೇಲೆ ಟಕಾರಕ್ಕೆ ಸೀಟಿಲ್ಲ. ಹೀಗೇ ಬಿಟ್ಟರೆ 'ಕನ್ನಡ' ಹೋಗಿ 'ಕನ್ನದ' ಆಗುತ್ತೆ. ಹಾಗಾಗಿ ತ ಸಾಲಿನ ಅಕ್ಷರಗಳ ಕೆಳಗೆ ಚುಕ್ಕಿ ಇಟ್ಟು ಟ, ಡ, ಣ ಮಾಡಿಕೊಂಡೆವು. ಳಕಾರಕ್ಕೂ ಚುಕ್ಕಿ ಸಾಕು ಅಂತ ಕ್ಲಬ್ಬಿನಲ್ಲಿ ಕೆಲವರ ವಾದ. ನಮಗೆ ಒಪ್ಪಿಗೆಯಿಲ್ಲ. ಅವಸರದಲ್ಲಿ ಒಂದು ಚುಕ್ಕಿ ಬಿಟ್ಟರೆ ಹಳ್ಳಿ ಹೋಗಿ ಹಲ್ಲಿ! ಇಂಗ್ಲಿಷ್ ಅಕ್ಷರದಲ್ಲಿ ಎರಡನ್ನೂ ಒಂದೇ ಥರ ಟೈಪ್ ಮಾಡಿ ಮಾಡಿ ನಮ್ಮಲ್ಲಿ ಎಷ್ಟೋ ಜನರ ನಾಲಿಗೆಯಲ್ಲೂ ಈಗ ಳ ಉಳಿದಿಲ್ಲ. ಹೊಸ ಲಿಪಿಯಲ್ಲೂ ಅದನ್ನ ಕಳೆಯೋದು ಬೇಡ. ಲಕಾರಕ್ಕೆ ಲಾಂಬೆ ಇದೆ. ಪಟ್ಟಿಯಲ್ಲಿ ಅದರ ಪಕ್ಕದಲ್ಲೇ 'ಅಲ್ದ' ಅನ್ನೋ ಅಕ್ಷರ ಇದೆ, ಕ್ವೆನ್ಯಾದಲ್ಲಿ 'ಲ್ದ' ಉಚ್ಚಾರಕ್ಕೆ. ನಮಗೆ ಅದು ಬೇಕಿಲ್ಲ, ಆದ್ದರಿಂದ ಳಕಾರಕ್ಕೆ ಕೊಟ್ಟೆವು.

ಹಾಗಾದರೆ 'ಹಳ್ಳಿ': ಹಕಾರಕ್ಕೆ ಹ್ಯಾರ್ಮೆನ್, ಮೇಲೆ ಮೂರು ಚುಕ್ಕಿ, ಆಮೇಲೆ ಅಲ್ದ, ಕೆಳಗೆ ಗೆರೆ, ಮೇಲೆ ಒಂದು ಚುಕ್ಕಿ. ಇದು ಬಂದರೆ 'ಕಂಬ' ಪ್ರಯತ್ನಿಸಿ. ಗೆರೆ ಮೇಲೆ ಬರಬೇಕು, ನೆನಪಿರಲಿ.