ತಾಂಬೂಲದ ಕೆಂಪು ಮತ್ತು ಚೈತನ್ಯದ ಪ್ರಶ್ನೆ

ಸುರಪುರ ತಾಲ್ಲೂಕಿನ ಕಕ್ಕೇರಾದಲ್ಲಿಯೇ ಆಗಲಿ, ನಾಡಿನ ಬೇರಾವ ಊರಿನಲ್ಲಿಯೇ ಆಗಲಿ, ಊಟವಾದ ಮೇಲೆ ಹಿರಿಯರು ಎಲೆಅಡಿಕೆ ಹಾಕಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಲೆ ಹಸುರು, ಸುಣ್ಣ ಬಿಳುಪು, ಅಡಿಕೆ ಕಂದು. ಮೂರನ್ನೂ ಕೂಡಿಸಿ ಅಗಿದರೆ ಬಾಯಿ ಕೆಂಪಾಗುತ್ತದೆ. ಬಿಡಿಬಿಡಿಯಾಗಿ ಯಾವುದರಲ್ಲಿಯೂ ಇಲ್ಲದ ಈ ಕೆಂಪು ಎಲ್ಲಿಂದ ಬಂದಿತು?

ನಮ್ಮ ದೇಶದ ಚಾರ್ವಾಕರು ಇದೇ ದೃಷ್ಟಾಂತವನ್ನು ಹಿಡಿದು ದೊಡ್ಡದೊಂದು ವಾದವನ್ನು ಹೂಡಿದರು. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಸರ್ವಸಿದ್ಧಾಂತಸಂಗ್ರಹ’ದಲ್ಲಿ ಅದು ದೊರೆಯುತ್ತದೆ: ತಾಂಬೂಲದಲ್ಲಿ ಕೆಂಪು ಹುಟ್ಟುವಂತೆ ಜಡಭೂತಗಳ ಕೂಟದಲ್ಲಿ ಚೈತನ್ಯ ಹುಟ್ಟುತ್ತದೆ, ಅದಕ್ಕಾಗಿ ಬೇರೊಂದು ಆತ್ಮವನ್ನು ಕಲ್ಪಿಸಬೇಕಾಗಿಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಬರೆದರೆಂದು ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ವೂ ಚಾರ್ವಾಕ ಮತದಿಂದಲೇ ಆರಂಭವಾಗುತ್ತದೆ. ತಾವು ಒಪ್ಪದ ಮತವನ್ನು ಮೊದಲು ಚೆನ್ನಾಗಿ ವಿವರಿಸಿ ಆಮೇಲೆ ಖಂಡಿಸುವ ಆ ಪದ್ಧತಿಯಿಂದಲೇ ಚಾರ್ವಾಕರ ಮಾತು ನಮ್ಮವರೆಗೆ ಉಳಿದು ಬಂದಿದೆಯೆಂಬುದನ್ನು ಮರೆಯಲಾಗದು.

ಭಾಗಗಳಲ್ಲಿ ಇಲ್ಲದೆ ಅವುಗಳ ಕೂಟದಲ್ಲಿ ಮೈದೋರುವ ಇಂಥ ಗುಣವನ್ನು ‘ಉದ್ಭವಗುಣ’ ಎನ್ನೋಣ. ಇಂಗ್ಲೆಂಡಿನ ತತ್ತ್ವಜ್ಞ ಸಿ. ಡಿ. ಬ್ರಾಡ್ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಾಸಾಯನಿಕ ಸಂಯುಕ್ತಗಳ ಗುಣಗಳೂ ಇಂಥವೇ ಎಂದು ಭಾವಿಸಿದ್ದರು. ಆದರೆ ಎರಡೇ ವರ್ಷಗಳಲ್ಲಿ, 1927ರಲ್ಲಿ, ಹೈಟ್ಲರ್ ಮತ್ತು ಲಂಡನ್ ಎಂಬ ವಿಜ್ಞಾನಿಗಳು ಎರಡು ಜಲಜನಕ ಪರಮಾಣುಗಳು ಬೆಸೆದುಕೊಳ್ಳುವ ಬಗೆಯನ್ನು ಕ್ವಾಂಟಮ್ ಸಿದ್ಧಾಂತದಿಂದ ವಿವರಿಸಿದರು. ರಸಾಯನದ ಗೂಢ ಅಂದಿನಿಂದ ಕರಗತೊಡಗಿತು. ತಾಂಬೂಲದ ಕೆಂಪೂ ಇಂದು ಗೂಢವಲ್ಲ. ಅಡಿಕೆಯಲ್ಲಿರುವ ಟ್ಯಾನಿನ್ ಮೊದಲಾದ ಒಗರು ಪದಾರ್ಥಗಳು ಸುಣ್ಣದ ಕ್ಷಾರದಲ್ಲಿ ಆಮ್ಲಜನಕದೊಡನೆ ವರ್ತಿಸಿ ಹೊಸ ಸಂಯುಕ್ತಗಳಾಗುತ್ತವೆ. ಅವು ಬೆಳಕಿನ ಕೆಲವು ಅಲೆಗಳನ್ನು ಹೀರಿ ಕೆಂಪಿನವನ್ನು ಹಿಂದಿರುಗಿಸುತ್ತವೆ.

ಹಾಗಾದರೆ ಚೈತನ್ಯವೂ ಒಂದು ದಿನ ಹೀಗೆಯೇ ವಿವರಣೆಗೆ ಸಿಕ್ಕೀತೇ? ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಒಂದೂ ತಾನಾಗಿ ಕೆಂಪನ್ನು ಕಾಣದು, ಕೂಟವು ಕಾಣುತ್ತದೆ. ಇಷ್ಟರಮಟ್ಟಿಗೆ ಚಾರ್ವಾಕರ ಹೋಲಿಕೆ ಸರಿಯೆಂದೇ ನಮಗೆ ತೋರುತ್ತದೆ. ಆದರೆ ಹೋಲಿಕೆಯೊಳಗೇ ಒಂದು ತೊಡಕು ಅಡಗಿದೆ. ರಸಾಯನಶಾಸ್ತ್ರವು ಸಂಯುಕ್ತವನ್ನೂ ಬೆಳಕಿನ ಅಲೆಯನ್ನೂ ವಿವರಿಸಿತು; ನಮಗೆ ಕಂಡಂತಹ ಕೆಂಪನ್ನು ವಿವರಿಸಲಿಲ್ಲ. ಆ ಕೆಂಪು ಇರುವುದು ನೋಡುವವನಿಗೆ. ಚೈತನ್ಯವನ್ನು ವಿವರಿಸಲು ತಂದ ದೃಷ್ಟಾಂತವೇ ಚೈತನ್ಯವನ್ನು ಮೊದಲೇ ಬೇಡುತ್ತದೆ! ಬ್ರಾಡ್ ಇದನ್ನು ಗ್ರಹಿಸಿದ್ದರು: ಅಮೋನಿಯದ ರಚನೆಯನ್ನು ಪೂರ್ಣವಾಗಿ ಬಲ್ಲ ದೇವದೂತನೂ ಅದರ ವಾಸನೆ ಹೇಗಿರುವುದೆಂದು ಮುಂಗಾಣಲಾರನೆಂದು ಅವರ ವಾದ. 1995ರಲ್ಲಿ ಡೇವಿಡ್ ಚಾಮರ್ಸ್ ಇದನ್ನೇ ಚೈತನ್ಯದ ‘ಕಠಿಣ ಸಮಸ್ಯೆ’ ಎಂದು ಕರೆದರು. ಅನುಭವವನ್ನು ಬೇರೆ ಮಾಡಿ ನಿಲ್ಲಿಸುವುದೇ ತಪ್ಪು ಎನ್ನುವ ತತ್ತ್ವಜ್ಞರೂ ಇದ್ದಾರೆ.

ಇದು ಬರಿಯ ಪಂಡಿತರ ಜಗಳವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಅಪಘಾತದಲ್ಲಿ ಮಿದುಳಿಗೆ ಪೆಟ್ಟು ಬಿದ್ದು, ಕಣ್ಣು ತೆರೆದಿದ್ದರೂ ಯಾವ ಮಾತಿಗೂ ಓಗೊಡದ ಯುವತಿಯೊಬ್ಬಳನ್ನು ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಪರೀಕ್ಷಿಸಿ 2006ರಲ್ಲಿ ವರದಿ ಮಾಡಿದರು. ಟೆನಿಸ್ ಆಡುತ್ತಿರುವಂತೆ ಊಹಿಸಿಕೊಳ್ಳೆಂದಾಗ ಆಕೆಯ ಮಿದುಳಿನಲ್ಲಿ ಆರೋಗ್ಯವಂತರಲ್ಲಿ ಕಾಣುವಂತಹ ಚಟುವಟಿಕೆಯೇ ಕಂಡಿತು. ಮನೆಯ ಕೋಣೆಗಳಲ್ಲಿ ನಡೆದಾಡುತ್ತಿರುವಂತೆ ಊಹಿಸೆಂದಾಗ ಬೇರೆಯ ಭಾಗಗಳು ಚುರುಕಾದವು. ಎಲೆಅಡಿಕೆ ಹಾಕಿಕೊಂಡವರು ಬಾಯಿ ತೆರೆದರೆ ಕೆಂಪು ನಮಗೆ ಕಾಣುತ್ತದೆ. ಆ ಯುವತಿಯ ವಿಷಯದಲ್ಲಿ ವೈದ್ಯರಿಗೆ ಕಂಡದ್ದು ಯಂತ್ರದ ಚಿತ್ರ ಮಾತ್ರ. ಅವಳಿಗೆ ಅರಿವಿದೆಯೆಂಬುದನ್ನು ಅದರಿಂದ ಅವರು ಅನುಮಾನಿಸಿಕೊಳ್ಳಬೇಕಾಯಿತು, ಮತ್ತು ಆ ಅನುಮಾನ ಎಷ್ಟರಮಟ್ಟಿಗೆ ಸಾಧುವೆಂಬ ಚರ್ಚೆ ಆಗಲೇ ಮೊದಲಾಯಿತು.