ಶಾಲೆ ಶುರು, ಮಗ ಮಂಕು

ಅಜ್ಜಿಮನೆಯಿಂದ ಬಂದ ಹುಡುಗ ಜೂನ್ ಮೊದಲ ವಾರ ಹೊಟ್ಟೆನೋವು ಎನ್ನುವುದು ನಾಟಕವೇ ಆಗಬೇಕಿಲ್ಲ ತಾಯಿ. ಮಕ್ಕಳ ಆತಂಕ ಎಷ್ಟೋ ಸಲ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ‘ಇಷ್ಟು ದಿನ ಕುಣಿದದ್ದು ಸಾಲದೇ’ ಎಂದು ಮಾತ್ರ ಅನ್ನಬೇಡಿ. ಸಂಜೆ ಅಜ್ಜಿಗೆ ಫೋನ್ ಮಾಡಿಸಿ, ಅಳು ಬಂದರೆ ಅಳಲಿ.

ಈ ಮಂಕುತನದಲ್ಲಿ ನಿದ್ದೆಯ ಪಾಲೂ ದೊಡ್ಡದು. ಒಂಬತ್ತು ವರ್ಷದವನಿಗೆ ಕನಿಷ್ಠ 9 ಗಂಟೆ ನಿದ್ದೆ ಬೇಕು. ರಜೆಯಲ್ಲಿ ಹನ್ನೊಂದಕ್ಕೆ ಮಲಗುತ್ತಿದ್ದವನು ಒಂದೇ ದಿನಕ್ಕೆ ಒಂಬತ್ತಕ್ಕೆ ಮಲಗಲಾರ. ಎರಡು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಮಲಗಿಸಿ. ಎದ್ದ ಕೂಡಲೇ ಅಂಗಳಕ್ಕೆ ಕರೆದೊಯ್ಯಿರಿ. ದೇಹದ ಗಡಿಯಾರ ಹೊಂದಿಕೊಳ್ಳುವುದು ಮುಖ್ಯವಾಗಿ ಬೆಳಕಿನಿಂದ, ಮೋಡವಿದ್ದರೂ ಸರಿಯೇ. ಟ್ಯೂಷನ್ ಈ ತಿಂಗಳು ಬೇಡ, ನಿಮ್ಮ ಯಜಮಾನರು ಗೊಣಗಿದರೂ!

ಮೂರು ವಾರ ಕಳೆದರೂ ಶಾಲೆಯೆಂದರೆ ಹೆದರಿದರೆ, ಅಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ ಎಂದು ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.